ಅಂಗಾತ ಮಲಗಿಸದವಳು

ಆ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ವಾರದೊಳಗೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಿದ್ದರು: "ಮೂಲೆಮನೇಲಿ ಬಡಗಿ ಇದ್ದಾರಾ?" ಮಧ್ಯಾಹ್ನದ ಊಟ ಮುಗಿದು, ಪಾತ್ರೆಗಳ ಸದ್ದು ಅಡಗಿ, ಓಣಿಗೆ ಜೋಂಪು ಹತ್ತುವ ಹೊತ್ತಿಗೆ ಸರಿಯಾಗಿ ಆ ಮನೆಯ ಕಿಟಕಿಯಿಂದ ಗರಗಸದ ಸದ್ದು ಹೊರಡುತ್ತಿತ್ತು. ಹಸಿ ಮರಕ್ಕೆ ಮೊಂಡು ಗರಗಸ ಇಟ್ಟು ಎಳೆದ ಹಾಗೆ ಉದ್ದನೆಯ ಒಂದು ಗರ್ರ್; ಆಮೇಲೆ ಹಲ್ಲು ಮರದ ಗಂಟಿಗೆ ಸಿಕ್ಕಿಕೊಂಡ ಹಾಗೆ ಒಂದು ನಿಲುಗಡೆ. ಆ ನಿಲುಗಡೆಯಲ್ಲಿ ಕೇಳುವವರ ಉಸಿರೂ ಸಿಕ್ಕಿಕೊಳ್ಳುತ್ತಿತ್ತು. ಮತ್ತೆ ಗರ್ರ್ ಎಂದ ಮೇಲೆಯೇ ಅಕ್ಕಪಕ್ಕದವರು ಮಗ್ಗುಲು ಬದಲಿಸುವುದು.

ಅಲ್ಲಿ ಬಡಗಿ ಇರಲಿಲ್ಲ. ಗೊಣಗಿ ಎಂಬ ಒಂಬತ್ತು ವರ್ಷದ ಬುಲ್‌ಡಾಗ್ ಇದ್ದಳು. ಚಪ್ಪಟೆ ಮೂತಿ, ಒಳಕ್ಕೆ ಒತ್ತಿದ ಮೂಗು, ಮುಖದ ತುಂಬ ನೆರಿಗೆ, ಬಾಗಿದ ಗಿಡ್ಡ ಕಾಲುಗಳ ಮೇಲೆ ಮೂಟೆಯಂಥ ಮೈ. ತಣ್ಣನೆಯ ನೆಲಕ್ಕೆ ಹೊಟ್ಟೆ ಅಂಟಿಸಿ, ಮಡಿಚಿದ ಟವೆಲ್ಲೊಂದರ ಮೇಲೆ ಗದ್ದ ಇಟ್ಟು ಮಲಗುತ್ತಿದ್ದಳು. ಆ ಟವೆಲ್ಲನ್ನು ಅಳತೆ ನೋಡಿ ಮಡಚಿಡುತ್ತಿದ್ದವಳು ಮನೆಯೊಡತಿ. ಗದ್ದ ಎರಡು ಬೆರಳು ಎತ್ತರವಿದ್ದರೆ ಗಂಟಲ ದಾರಿ ತುಸು ಬಿಚ್ಚಿಕೊಳ್ಳುತ್ತದೆ, ನಿಲುಗಡೆ ತುಸು ಗಿಡ್ಡವಾಗುತ್ತದೆ ಎಂಬುದನ್ನು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಪಕ್ಕದಲ್ಲಿ ಕೂತು ಕೇಳಿ ಕಂಡುಕೊಂಡಿದ್ದಳು.

"ಮೂವತ್ತು ವರ್ಷ ನನ್ನ ಗೊರಕೆಗೆ ದಿಂಬಿನಲ್ಲಿ ಹೊಡೆದಳು," ಎಂದು ಅವಳ ಗಂಡ ಸಿಕ್ಕವರಿಗೆಲ್ಲ ಹೇಳುತ್ತಿದ್ದ. "ಅದಕ್ಕೆ ಮಾತ್ರ ಟವೆಲ್ ಮಡಚಿ ಕೊಡ್ತಾಳೆ ನೋಡಿ."

"ನಿಮ್ಮ ಮೂಗು ನೆಟ್ಟಗಿದೆ ರೀ. ನಿಮ್ಮದು ಸೋಮಾರಿ ಗೊರಕೆ," ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. "ಅವಳದು ದುಡಿಮೆ."

ಗಂಡ ಬಸ್ ನಿಲ್ದಾಣದ ಗೋಡೆಗೆ ಒರಗಿಸಿದ ಪೆಟ್ಟಿಗೆಯಂಗಡಿಯಲ್ಲಿ ಕೀಲಿ ಮಾಡುವವನು. ಅವಳು ಪ್ರಾಣಿಗಳ ಆಸ್ಪತ್ರೆಯಲ್ಲಿ ಆಯಾ. ಕಾಗದದ ಮೇಲೆ ಆಯಾ. ನಿಜವಾದ ಕೆಲಸ ಹಿಡಿಯುವುದು. ಇಂಜೆಕ್ಷನ್ ಚುಚ್ಚುವವರು ಬೇರೆ, ಚೀಟಿ ಬರೆಯುವವರು ಬೇರೆ, ನೆಲ ಒರೆಸುವವರು ಬೇರೆ. ಮೇಜಿನ ಮೇಲೆ ಬಂದ ನಾಯಿ, ಬೆಕ್ಕು, ಮೊಲ, ಒಮ್ಮೊಮ್ಮೆ ಬಾತುಕೋಳಿ ಅಲುಗದ ಹಾಗೆ ಹಿಡಿದುಕೊಳ್ಳುವವಳು ಅವಳು. ಹಳೆಯ ಡಾಕ್ಟರು ಸೂಜಿಗೆ ಔಷಧಿ ಎಳೆದುಕೊಳ್ಳುತ್ತ, ತಲೆಯೆತ್ತದೆ, ದಿನಕ್ಕೆ ಐವತ್ತು ಸಲ "ಹಿಡಿಯಮ್ಮ... ಹಿಡಿಯಮ್ಮ" ಎನ್ನುತ್ತಿದ್ದರು. ಹೊರಗೆ ಸರದಿಗೆ ಕೂತವರು ಅದನ್ನೇ ಹೆಸರೆಂದುಕೊಂಡರು. ಯಾರದೋ ಮನೆಯ ಮದುವೆಯ ಕರೆಯೋಲೆಯ ಮೇಲೂ "ಶ್ರೀಮತಿ ಹಿಡಿಯಮ್ಮ ಮತ್ತು ಮನೆಯವರಿಗೆ" ಎಂದು ಬರೆದು ಬಂತು. ಗಂಡ ಅದನ್ನು ಪೆಟ್ಟಿಗೆಯಂಗಡಿಯ ಒಳಗೋಡೆಗೆ ಅಂಟಿಸಿಕೊಂಡ. ಗಿರಾಕಿಗಳಿಗೆ ಬೆರಳಿಟ್ಟು ತೋರಿಸುತ್ತಿದ್ದ: "ಇಲ್ಲಿ 'ಮನೆಯವರು' ಅಂತ ಇದೆಯಲ್ಲ, ಅದು ನಾನು."

ಮದುವೆಯಾದ ಹೊಸತರಲ್ಲಿ ಅತ್ತೆ ಮೂಗು ಮುರಿದಿದ್ದರು. "ಬೇರೆಯವರ ಮನೆ ಸೊಸೆಯಂದಿರು ಬಂದರೆ ಸೋಪಿನ ವಾಸನೆ. ನಮ್ಮನೆಯವಳು ಬಂದರೆ ಒದ್ದೆ ನಾಯಿ ವಾಸನೆ."

"ನಾಯಿ ಒದ್ದೆಯಾಗಿದ್ರೆ ಸ್ನಾನ ಮಾಡಿದೆ ಅಂತ ಅರ್ಥ ಅತ್ತೆ," ಎಂದು ಸೊಸೆ ಕೈ ತೊಳೆದು ಅಡುಗೆಗೆ ನಿಂತಿದ್ದಳು. ಅವತ್ತಿನಿಂದ ಅತ್ತೆ ಆ ವಿಷಯ ಎತ್ತಲಿಲ್ಲ. ಸೋತದ್ದಕ್ಕಲ್ಲ, ಮುಂದಿನ ಮಾತಿಗೆ ಹುಡುಕುತ್ತ ಹುಡುಕುತ್ತ ಹದಿನೈದು ವರ್ಷ ಕಳೆದವು, ಅಷ್ಟೇ.

ಆ ದಿನಗಳಲ್ಲಿ ಅವಳಿಗೆ ತನ್ನ ಕೈಗಳ ಬಗ್ಗೆ ಹೆಮ್ಮೆಯಿತ್ತು. ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ ಕತ್ತು ಮಾತ್ರ ಹೊರಗಿಡುವುದು, ದೊಡ್ಡ ನಾಯಿಯ ಎದೆಯನ್ನು ತನ್ನ ಎದೆಗೆ ಒತ್ತಿಕೊಂಡು ಕಿವಿಯ ಹಿಂದೆ ಹೆಬ್ಬೆರಳು ಆಡಿಸುವುದು, ಹಲ್ಲು ತೋರಿಸುವವನ ಮೂತಿಗೆ ಕಣ್ಣರೆಪ್ಪೆ ಬಡಿಯುವುದರೊಳಗೆ ಪಟ್ಟಿ ಸುತ್ತುವುದು ಎಲ್ಲ ಅವಳಿಗೆ ನೀರು ಕುಡಿದಷ್ಟು ಸಲೀಸು. "ಈ ಕೈಗೆ ಸಿಕ್ಕಿದ್ದು ಅಲುಗಾಡೋ ಹಾಗಿಲ್ಲ," ಎಂದು ಹಳೆಯ ಡಾಕ್ಟರು ಬಂದವರಿಗೆ ಹೇಳುತ್ತಿದ್ದರು. ಆ ಮಾತು ಕೇಳಿದ ದಿನ ಅವಳ ನಡಿಗೆಯೇ ಬೇರೆ ಇರುತ್ತಿತ್ತು.

ಅವಳ ಕೆಲಸದ ಆರನೆಯ ವರ್ಷ ಒಬ್ಬ ಹೆಂಗಸು ಬಿಳಿಯ ಗಂಡು ಬುಲ್‌ಡಾಗ್ ಒಂದನ್ನು ಕರೆತಂದಳು. ನಾಲ್ಕು ವರ್ಷದ್ದು, ಹಿಂಗಾಲು ಎಳೆಯುತ್ತಿತ್ತು. ಈ ತಳಿಗೆ ಸೊಂಟದ ಕೀಲು ಹುಟ್ಟಿನಿಂದಲೇ ಸಡಿಲ ಇರುವುದುಂಟು. ಎಕ್ಸ್‌ರೇ ಬೇಕೆಂದಾಯಿತು. ಸೊಂಟದ ಚಿತ್ರಕ್ಕೆ ನಾಯಿಯನ್ನು ಅಂಗಾತ ಮಲಗಿಸುವುದು ರೂಢಿ: ಒಬ್ಬರು ಮುಂಗಾಲೆರಡನ್ನೂ ತಲೆಯ ಕಡೆಗೆ ಎಳೆದು ಹಿಡಿಯಬೇಕು, ಇನ್ನೊಬ್ಬರು ಹಿಂಗಾಲುಗಳನ್ನು ನೆಟ್ಟಗೆ ಚಾಚಬೇಕು. ಎರಡು ನಿಮಿಷದ ಕೆಲಸ. ಬಿಳಿ ನಾಯಿ ಒದ್ದಾಡಿತು. ಒದ್ದಾಡುವ ಪ್ರಾಣಿಯನ್ನು ಇನ್ನಷ್ಟು ಬಿಗಿ ಹಿಡಿಯುವುದು ಅವಳ ಕಸುಬು, ಹಿಡಿದಳು. ಅದು ಕತ್ತು ತಿರುಗಿಸಲು ನೋಡಿತು, ಮೊಣಕೈ ಒತ್ತಿ ತಡೆದಳು. ಆಮೇಲೆ ಅದು ಸುಮ್ಮನಾಯಿತು.

"ನೋಡಿ, ಬುದ್ಧಿ ಬಂತು," ಎಂದಳು ಅವಳು.

"ಶಹಭಾಷ್," ಎಂದರು ಡಾಕ್ಟರು. ಯಂತ್ರ ಟಕ್ ಎಂದಿತು.

ಕೈ ಬಿಟ್ಟಾಗ ಮುಂಗಾಲುಗಳು ಇಟ್ಟಲ್ಲೇ ಇದ್ದವು. ನೇರಳೆ ಹಣ್ಣು ತಿಂದ ಮಗುವಿನ ನಾಲಿಗೆಯ ಹಾಗಿತ್ತು ಅದರ ನಾಲಿಗೆ.

ಡಾಕ್ಟರು ಎದೆ ಒತ್ತಿದರು, ಆಕ್ಸಿಜನ್ ಹಿಡಿದರು. ಆಗಲಿಲ್ಲ. ಆಮೇಲೆ ಔಷಧಿಯ ಕೋಣೆಯಲ್ಲಿ ಅವಳನ್ನು ಕೂರಿಸಿ, ಅವಳ ಮುಖ ನೋಡದೆ ಹೇಳಿದರು: "ಮನುಷ್ಯರು ಇವುಗಳ ಮೂತಿ ಗಿಡ್ಡ ಮಾಡಿದರಮ್ಮ. ಒಳಗಿನ ಅಂಗುಳು, ನಾಲಿಗೆ ಗಿಡ್ಡ ಆಗಲಿಲ್ಲ. ದೊಡ್ಡ ಸಂಸಾರಾನ ಸಣ್ಣ ಕೋಣೆಗೆ ತುಂಬಿದ ಹಾಗೆ. ಅಂಗಾತ ಮಲಗಿಸಿದರೆ ಎಲ್ಲಾ ಹಿಂದಕ್ಕೆ ಬೀಳುತ್ತೆ, ಬಾಗಿಲು ಮುಚ್ಚಿದಂತೆ. ನಾನು ಯೋಚಿಸಬೇಕಿತ್ತು. ಮನೆಯವರಿಗೆ ಹೃದಯ ನಿಂತಿತು ಅಂತ ಹೇಳಿದ್ದೀನಿ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ."

ಅವಳು ಹಚ್ಚಿಕೊಂಡಳು. ಉಸಿರು ಕಟ್ಟಿದ್ದನ್ನು ತಾನು ಬುದ್ಧಿ ಬಂದದ್ದೆಂದು ತಿಳಿದೆನಲ್ಲ ಎಂಬುದು ಅವಳಿಗೆ ನುಂಗಲಾಗದ ತುತ್ತಾಯಿತು. ಮಾರನೆಯ ದಿನ ವಿಳಾಸ ಹುಡುಕಿ ಆ ಹೆಂಗಸಿನ ಮನೆ ಬಾಗಿಲು ತಟ್ಟಿ, "ಹೃದಯ ನಿಂತದ್ದಲ್ಲ. ನಾನು ಹಿಡಿದದ್ದು ತಪ್ಪಾಯಿತು," ಎಂದಳು. ಆ ಹೆಂಗಸು ಬಾಗಿಲು ಮುಚ್ಚಿದಳು. ಚಪ್ಪಲಿ ಮೆಟ್ಟಿ ಹಿಡಿಯಮ್ಮ ಕೆಲಸಕ್ಕೆ ಬಂದಳು.

ಬಂದವಳೇ ಹಳೆಯ ಡಾಕ್ಟರಿಗೆ ಹೇಳಿದಳು: "ಸರ್, ಇನ್ನು ಮೇಲೆ ಗಂಟಲಿಗೆ ಉಸಿರಿನ ಟ್ಯೂಬ್ ಹಾಕದೆ ಚಪ್ಪಟೆ ಮೂತಿಯವರನ್ನ ನಾನು ಅಂಗಾತ ಮಲಗಿಸಲ್ಲ. ಎಚ್ಚರ ಇದ್ರೂ ಇಲ್ಲ, ಮಂಪರಿದ್ರೂ ಇಲ್ಲ."

"ನೀನು ನನಗೆ ಡಾಕ್ಟರಿಕೆ ಕಲಿಸ್ತೀಯ?"

"ಇಲ್ಲ ಸರ್. ಹಿಡಿಯೋದು ನನ್ನ ಕೆಲಸ. ಹೇಗೆ ಹಿಡೀಬೇಕು ಅಂತ ಹೇಳ್ತಿದ್ದೀನಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಇಪ್ಪತ್ತೈದು ವರ್ಷ ಆ ಆಸ್ಪತ್ರೆಯಲ್ಲಿ ಹಾಗೆಯೇ ನಡೆಯಿತು.

ಬುಲ್‌ಡಾಗ್ ಬಂತೆಂದರೆ ಅವಳು ಮೇಜಿನ ಮೇಲೆ ಎತ್ತುತ್ತಿರಲಿಲ್ಲ. ತಾನೇ ನೆಲಕ್ಕೆ ಕೂರುತ್ತಿದ್ದಳು. ಕುತ್ತಿಗೆಗೆ ಕೈ ಹಾಕದೆ ಎದೆಯ ಕೆಳಗೆ ಒಂದು ತೋಳು, ಗದ್ದದ ಕೆಳಗೆ ಇನ್ನೊಂದು ಅಂಗೈ. ಮೊದಲು ಒದ್ದೆ ಬಟ್ಟೆ, ಆಮೇಲೆ ಮಾತು, ಕೊನೆಗೆ ಸೂಜಿ. ಮರಿ ಹಾಕಿಸಲು ಹೊಟ್ಟೆ ಕೊಯ್ಯಬೇಕಾದಾಗ ಟ್ಯೂಬ್ ಹಾಕಿ ಮಲಗಿಸುತ್ತಿದ್ದರು. ಈ ತಳಿಯ ಮರಿಗಳ ತಲೆ ದೊಡ್ಡದು, ತಾಯಿಯ ಸೊಂಟ ಕಿರಿದು, ಹಾಗಾಗಿ ಬಹಳಷ್ಟು ಮರಿಗಳು ಬರುವುದು ಕತ್ತರಿಯ ದಾರಿಯಿಂದಲೇ. ಆಪರೇಷನ್ ಮುಗಿದ ಮೇಲೆ ಬೇರೆ ನಾಯಿಗಳು ಎಚ್ಚರಾದ ಕೂಡಲೇ ಟ್ಯೂಬ್ ಉಗಿಯಲು ಒದ್ದಾಡುತ್ತವೆ. ಬುಲ್‌ಡಾಗ್ ಮಾತ್ರ ಕಣ್ಣು ತೆರೆದು, ಗಂಟಲಲ್ಲಿ ಟ್ಯೂಬ್ ಇಟ್ಟುಕೊಂಡೇ ಹಾಯಾಗಿ ಮಲಗಿರುತ್ತದೆ. ಹುಟ್ಟಿದ ಮೇಲೆ ಮೊದಲ ಸಲ ಅದಕ್ಕೆ ಎದೆ ತುಂಬ ಗಾಳಿ ಸಿಕ್ಕಿರುತ್ತದೆ. ಅದನ್ನು ಮೊದಲು ಕಂಡ ದಿನ ಹಿಡಿಯಮ್ಮ ಮನೆಗೆ ಬಂದು ಗಂಡನಿಗೆ ಹೇಳಿದಳು. ಗಂಡ ಕೈಯಲ್ಲಿದ್ದ ಅರವನ್ನು ಕೆಳಗಿಟ್ಟು, ತಾನೇ ಎರಡು ಸಲ ಮೂಗಿನಿಂದ ಉಸಿರೆಳೆದು ನೋಡಿದ. ಜೋಕು ಮಾಡಲಿಲ್ಲ.

ಗೊಣಗಿ ಅವರ ಮನೆಗೆ ಬಂದದ್ದು ಮೆಟ್ಟಿಲುಗಳ ದೆಸೆಯಿಂದ. ಅವಳನ್ನು ಸಾಕಿದವರು ಲಿಫ್ಟ್ ಇಲ್ಲದ ನಾಲ್ಕನೆಯ ಮಹಡಿಗೆ ಮನೆ ಬದಲಿಸಿದರು. ಬುಲ್‌ಡಾಗಿಗೆ ನಾಲ್ಕು ಮಹಡಿ ಹತ್ತುವುದೆಂದರೆ ಬೆಟ್ಟ ಹತ್ತಿದಂತೆ. ಎರಡು ದಿನ ಇರಲಿ ಎಂದು ಆಸ್ಪತ್ರೆಯಲ್ಲಿ ಬಿಟ್ಟು ಹೋದವರ ಫೋನು ಮೂರನೆಯ ದಿನದಿಂದ ಸತ್ತಿತು. ಆಗ ಗೊಣಗಿಗೆ ನಾಲ್ಕು ವರ್ಷ. ಹಿಡಿಯಮ್ಮ ಅವಳನ್ನು ನಡೆಸಿಕೊಂಡು ಮನೆಗೆ ಹೊರಟಳು. ಹತ್ತು ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯಿತು, ಏಕೆಂದರೆ ವೃತ್ತದ ನಟ್ಟನಡುವೆ ಗೊಣಗಿ ಕೂತುಬಿಟ್ಟಳು. ಎಳೆದರೆ ಬರುವುದಿಲ್ಲ, ತಳ್ಳಿದರೆ ಅಲುಗುವುದಿಲ್ಲ, ಗದರಿದರೆ ಹಣೆಯ ನೆರಿಗೆ ಎತ್ತಿ ನೋಡುತ್ತಾಳೆ. ಹಿಂದೆ ಲಾರಿಯವನು ಹಾರ್ನ್ ಹೊಡೆದ.

"ಏನಮ್ಮಾ, ನಿಮ್ಮ ನಾಯಿ ಧರಣಿ ಕೂತಿದೆಯಲ್ಲ, ಬೇಡಿಕೆ ಏನಂತೆ?"

"ನೀವು ಹಾರ್ನ್ ನಿಲ್ಲಿಸೋದು," ಎಂದಳು ಹಿಡಿಯಮ್ಮ, ಮತ್ತು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಲಾರಿಯವನು ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಗೊಣಗಿ ತನಗೇ ತೋಚಿ ಎದ್ದಳು. ಈ ತಳಿಗೆ ಹಟ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಹಟ, ಅರ್ಧ ಉಸಿರಿನ ಲೆಕ್ಕಾಚಾರ ಎನ್ನುವುದು ಹಿಡಿಯಮ್ಮನ ಅನುಭವ: ಇಷ್ಟು ಗಾಳಿಯಲ್ಲಿ ಇಷ್ಟೇ ಹೆಜ್ಜೆ ಎಂದು ಅವಕ್ಕೆ ಗೊತ್ತಿರುತ್ತದೆ.

ಅಲ್ಲಿಂದ ಮುಂದೆ ಮನೆಯ ದಿನಚರಿ ಗೊಣಗಿಯ ಮೈಯನ್ನು ಅನುಸರಿಸಿತು. ಬೆಳಿಗ್ಗೆ ಎದ್ದ ಕೂಡಲೇ ಮುಖದ ನೆರಿಗೆಗಳನ್ನು ಒಂದೊಂದಾಗಿ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ತೇವ ತೆಗೆಯಬೇಕು. ಒಂದು ದಿನ ಬಿಟ್ಟರೆ ಹುಳಿ ವಾಸನೆ, ಎರಡು ದಿನ ಬಿಟ್ಟರೆ ಹುಣ್ಣು. ತಿರುಚಿದ ಬಾಲದ ಬುಡದ ಕುಳಿಗೂ ಅದೇ ಸೇವೆ. ಎಡಗಣ್ಣಿನ ಮೂಲೆಯಲ್ಲಿ ಕೆಂಪು ಗೆಡ್ಡೆ ಉಬ್ಬಿ ಬಂದಾಗ ಡಾಕ್ಟರು ಒಳಗೆ ಸೇರಿಸಿ ಹೊಲಿದರು. ಊಟ ಬದಲಾದರೆ ಮೈಯೆಲ್ಲ ತುರಿಕೆ. ಬಿಸಿಲೇರಿದ ಮೇಲೆ ವಾಕಿಂಗ್ ಇಲ್ಲ. ಈಜಲು ಬಾರದು, ಆ ಭಾರದ ತಲೆ ಮೊದಲು ಮುಳುಗುತ್ತದೆ. ಆದರೆ ಇಷ್ಟೆಲ್ಲ ಕಷ್ಟದ ಮೈಯೊಳಗಿದ್ದ ಮನಸ್ಸು ಬೆಣ್ಣೆ. ಎದುರುಮನೆಯ ಅಂಬೆಗಾಲಿನ ಕೂಸು ಅವಳ ಕೆನ್ನೆಯ ಜೋಲು ಹಿಡಿದು ಎದ್ದು ನಿಲ್ಲುವುದನ್ನು ಕಲಿಯಿತು. ಗೊಣಗಿ ಜೊಲ್ಲು ಸುರಿಸಿಕೊಂಡು ಕಂಬದ ಹಾಗೆ ನಿಂತಿರುತ್ತಿದ್ದಳು. ಇನ್ನು ಗಾಳಿ ಬಿಡುವ ವಿಷಯಕ್ಕೆ ಬಂದರೆ, ನೆಂಟರು ಕೂತಿದ್ದಾಗ ಗಂಡನೇ ಎದ್ದು, "ಆ ತಪ್ಪು ನನ್ನದಲ್ಲ," ಎಂದು ಕಿಟಕಿ ತೆಗೆಯುತ್ತಿದ್ದ.

ಓದಿದವರು ಕೆಲವರು ಬಾಗಿಲಲ್ಲೇ ನಿಂತು ತಲೆಯಾಡಿಸುತ್ತಿದ್ದರು: "ಇಂಥ ತಳಿಯೇ ಇರಬಾರದು. ಬದುಕೋದೇ ಎಂಟು ಹತ್ತು ವರ್ಷ, ಅದೂ ನರಳಿಕೊಂಡು."

"ಅವಳ ಎದುರಿಗೇ ಹೇಳ್ತಿದ್ದೀರಲ್ಲ," ಎನ್ನುತ್ತಿದ್ದಳು ಹಿಡಿಯಮ್ಮ. "ಇನ್ನು ಮುಂದೆ ಇಂಥವರನ್ನ ಹುಟ್ಟಿಸಬೇಡಿ ಅಂತ ಹುಟ್ಟಿಸೋರಿಗೆ ಹೋಗಿ ಹೇಳಿ. ಹುಟ್ಟಿ ಬಂದವಳಿಗೆ ನೀನು ಯಾಕೆ ಹುಟ್ಟಿದೆ ಅಂತ ಕೇಳಬೇಡಿ."

ಗೊಣಗಿಗೆ ಒಂಬತ್ತು ತುಂಬಿದ ವರ್ಷ ಹಳೆಯ ಡಾಕ್ಟರು ನಿವೃತ್ತರಾದರು. ಅವರ ಜಾಗಕ್ಕೆ ಮೂವತ್ತು ದಾಟದ ಡಾಕ್ಟರಮ್ಮ ಬಂದಳು. ಚುರುಕು ಕೈ, ಚುರುಕು ಮಾತು, ರಟ್ಟೆಯವರೆಗೆ ಮಡಚಿದ ಅಂಗಿಯ ತೋಳು. ಹಿಡಿಯಮ್ಮನಿಗೆ ಅವಳು ಹಿಡಿಸಿದಳು. ಊಟದ ಡಬ್ಬಿ ತೆಗೆದಾಗ ಅವಳು ಓದಿದ ಹೊಸ ಹೊಸ ಸಂಗತಿ ಹೇಳುತ್ತಿದ್ದಳು. ಚಪ್ಪಟೆ ಮೂತಿಯ ನಾಯಿಗಳ ಉಸಿರು ಪರೀಕ್ಷಿಸುವ ಕ್ರಮವೊಂದನ್ನೂ ಹೇಳಿದ್ದಳು: ಗಂಟಲಿಗೆ ಸ್ಟೆತಸ್ಕೋಪ್ ಇಟ್ಟು ಕೇಳುವುದು, ಮೂರು ನಿಮಿಷ ಚುರುಕಾಗಿ ನಡೆಸುವುದು, ಮತ್ತೆ ಕೇಳುವುದು. ಹಿಡಿಯಮ್ಮ ತುತ್ತು ಕೈಯಲ್ಲೇ ಹಿಡಿದು ಎರಡು ಸಲ ಹೇಳಿಸಿಕೊಂಡಿದ್ದಳು.

ಹಾಗಿರುವಾಗ ಒಂದು ದಿನ, ಹನ್ನೊಂದೂವರೆಯ ಬಿಸಿಲಿಗೆ, ಕಪ್ ಸಾಹೇಬರು ಬಂದರು. ನಾಯಿ ಪ್ರದರ್ಶನಗಳಲ್ಲಿ ಗೆದ್ದ ಕಪ್‌ಗಳ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸದೆ ಅವರು ನಮಸ್ಕಾರವನ್ನೂ ಮಾಡುತ್ತಿರಲಿಲ್ಲವಾದ್ದರಿಂದ ಆ ಹೆಸರು. ಜೊತೆಗೆ ಮೂರು ವರ್ಷದ ಗಂಡು ಬುಲ್‌ಡಾಗ್, ಅವರ ಚಾಂಪಿಯನ್. ಅಗಲ ಎದೆ, ಹೊಳೆಯುವ ಮೈ, ನೋಡಿದವರು ವಾಹ್ ಎನ್ನಬೇಕು. ಹಿಡಿಯಮ್ಮನಿಗೆ ಅದು ಒಳಗೆ ಬರುವ ಮೊದಲೇ ಕೇಳಿಸಿತ್ತು. ಕಾರಿನಿಂದ ಬಾಗಿಲವರೆಗೆ ಇಪ್ಪತ್ತು ಹೆಜ್ಜೆ ನಡೆದದ್ದಕ್ಕೆ, ಕೊಳಲಿನ ತೂತಿಗೆ ಕಸ ಸಿಕ್ಕಿದ ಹಾಗೆ ಅದರ ಉಸಿರು ಸೀಳುತ್ತಿತ್ತು.

"ಡಾಕ್ಟ್ರೇ, ಸೊಂಟ ಸರಿ ಇದೆ ಅಂತ ಒಂದು ಎಕ್ಸ್‌ರೇ, ಒಂದು ಕಾಗದ. ನಾಲ್ಕು ಹೆಣ್ಣುನಾಯಿಯವರು ಕಾಯ್ತಿದ್ದಾರೆ," ಎಂದರು ಕಪ್ ಸಾಹೇಬರು. "ಗಂಟಲಿಗೆ ಮಾತ್ರ ಏನೂ ತುರುಕಬೇಡಿ. ನಾಳಿದ್ದು ಪ್ರದರ್ಶನ ಇದೆ, ಗಂಟಲು ಊದಿಕೊಂಡ್ರೆ ಕಷ್ಟ."

ಡಾಕ್ಟರಮ್ಮ ಹೊರಗಿನ ಸರದಿಯನ್ನು ನೋಡಿದಳು. ಹನ್ನೆರಡು ಜನ. "ಸಣ್ಣ ಮಂಪರಿನ ಇಂಜೆಕ್ಷನ್ ಕೊಟ್ಟು ತೆಗೀತೀನಿ. ಎರಡು ನಿಮಿಷದ ಕೆಲಸ. ಹಿಡಿಯಮ್ಮ, ಎಕ್ಸ್‌ರೇ ಕೋಣೆಗೆ ತನ್ನಿ."

"ಟ್ಯೂಬ್ ಇಲ್ಲದೇನಾ ಡಾಕ್ಟರಮ್ಮ?"

"ಅವರು ಬೇಡ ಅಂತಿದ್ದಾರಲ್ಲ. ಮಂಪರು ಹಗುರ ಇರುತ್ತೆ."

"ಹಾಗಾದ್ರೆ ಅಂಗಾತ ಮಲಗಿಸೋ ಹಾಗಿಲ್ಲ."

"ಅಂಗಾತ ಮಲಗಿಸದೆ ಸೊಂಟದ ಚಿತ್ರ ಹೇಗೆ ಬರುತ್ತೆ?"

"ಬರಲ್ಲ," ಎಂದಳು ಹಿಡಿಯಮ್ಮ. "ಅದಕ್ಕೇ ಇವತ್ತು ಬೇಡ ಅಂತಿದ್ದೀನಿ. ಮೊದಲು ಇವನ ಉಸಿರು ನೋಡೋಣ. ಮೂರು ನಿಮಿಷ ನಡೆಸೋಣ. ನೀವೇ ಹೇಳಿದ್ರಲ್ಲ."

ಕಪ್ ಸಾಹೇಬರು ನಕ್ಕರು. "ಏನಮ್ಮ, ಇದು ಚಾಂಪಿಯನ್. ಓಟದ ಕುದುರೆ ಅಲ್ಲ. ಎಷ್ಟು ಜನ ತೀರ್ಪುಗಾರರು ನೋಡಿದ್ದಾರೆ ಗೊತ್ತಾ ಇವನನ್ನ?"

"ನೋಡಿರ್ತಾರೆ ಸರ್. ಕೇಳಿಸ್ಕೊಂಡಿದ್ದಾರಾ?"

"ಬುಲ್‌ಡಾಗ್ ಅಂದ್ರೆ ಸದ್ದು ಮಾಡೇ ಮಾಡುತ್ತೆ. ಅದು ಆ ತಳಿಯ ಲಕ್ಷಣ."

"ನಿಮ್ಮ ಮಗ ಹೀಗೆ ಉಸಿರಾಡಿದ್ರೆ ವಂಶದ ಲಕ್ಷಣ ಅಂತೀರಾ?"

ಡಾಕ್ಟರಮ್ಮನ ಕೆನ್ನೆ ಕೆಂಪಾಯಿತು. ಹೊಸಬಳು, ಹೊರಗೆ ಹನ್ನೆರಡು ಜನ, ಎದುರಿಗೆ ಊರಿನ ದೊಡ್ಡವರು, ಪಕ್ಕದಲ್ಲಿ ಮಾತು ಕೇಳದ ಆಯಾ. ದನಿ ಗಟ್ಟಿ ಮಾಡಿದಳು. "ಹಿಡಿಯಮ್ಮ, ನಿರ್ಧಾರ ಮಾಡೋದು ನಾನು. ನಿಮ್ಮ ಕೆಲಸ ಹಿಡಿಯೋದು. ಹಿಡೀರಿ."

ಹಿಡಿಯಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮೂವತ್ತೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವಳ ಕೈ ಹಿಂದಕ್ಕೆ ಹೋದದ್ದು ಅದೇ ಮೊದಲು. ಬೆರಳುಗಳು ಒಂದನ್ನೊಂದು ಹುಡುಕಿ ಬಿಗಿಯಾಗಿ ಸಿಕ್ಕಿಸಿಕೊಂಡವು. ಈ ಕೆಲಸ ಬಿಟ್ಟು ಬೇರೆ ಕೆಲಸ ಅವಕ್ಕೆ ಗೊತ್ತಿರಲಿಲ್ಲ.

"ಹಿಡಿಯಲ್ಲ."

"ಹಿಡಿಯಲ್ಲ ಅಂದ್ರೆ ಮನೆಗೆ ಹೋಗಬೇಕಾಗುತ್ತೆ."

"ಹೋಗ್ತೀನಿ. ಇವನು ಉಸಿರಾಡಿಕೊಂಡು ಕಾರು ಹತ್ತೋದನ್ನ ನೋಡಿ ಹೋಗ್ತೀನಿ."

"ಇಷ್ಟೆಲ್ಲ ಯಾಕೆ, ನಾನೇ ಹಿಡಿದುಕೊಳ್ತೀನಿ ಬಿಡಿ," ಎಂದು ಕಪ್ ಸಾಹೇಬರು ಅಂಗಿಯ ತೋಳು ಮಡಚಿದರು. ಬಾಗಿ, ಕುತ್ತಿಗೆ ಮತ್ತು ಸೊಂಟಕ್ಕೆ ಕೈ ಹಾಕಿ, ನಾಯಿಯನ್ನು ಎಕ್ಸ್‌ರೇ ಮೇಜಿನ ಮೇಲೆ ಎತ್ತಿ ಇಟ್ಟರು. ಕುತ್ತಿಗೆ ಒತ್ತಿದ್ದಕ್ಕೆ ಚಾಂಪಿಯನ್ನಿನ ಕಣ್ಣುಗಳು ಅಗಲವಾದವು. ಅದು ಒದ್ದಾಡಿತು. ಅವರು ಇನ್ನಷ್ಟು ಬಿಗಿ ಹಿಡಿದರು.

ಹಿಡಿಯಮ್ಮನ ಕೈಗಳು ಮುಂದೆ ಬಂದವು. ಒಂದು ತೋಳು ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ. ಇಪ್ಪತ್ತೇಳು ಕಿಲೋ ನಾಯಿಯನ್ನು, ಐವತ್ತಾರು ವರ್ಷದ ಸೊಂಟದ ಮೇಲೆ, ಸಾಹೇಬರ ಕೈಯೊಳಗಿಂದಲೇ ತೆಗೆದುಕೊಂಡು ನೆಲಕ್ಕಿಳಿಸಿದಳು. ಇಳಿಸಿ ಅದರ ಗದ್ದಕ್ಕೆ ಅಂಗೈ ಕೊಟ್ಟು ಕೂತಳು.

"ಡಾಕ್ಟರಮ್ಮ," ಎಂದಳು, ತಲೆಯೆತ್ತದೆ. "ನಾನು ಒಂದು ನಾಯಿಯನ್ನ ಹೀಗೇ ಕೊಂದಿದ್ದೀನಿ. ಟ್ಯೂಬ್ ಇಲ್ಲ, ಅಂಗಾತ, ಎರಡು ನಿಮಿಷದ ಕೆಲಸ. ಒದ್ದಾಡ್ತು, ಬಿಗಿ ಹಿಡಿದೆ. ಸುಮ್ಮನಾಯ್ತು, ಬುದ್ಧಿ ಬಂತು ಅಂದೆ. ನಿಮ್ಮ ಜಾಗದಲ್ಲಿದ್ದವರು ಶಹಭಾಷ್ ಅಂದ್ರು. ನಿಮ್ಮ ಪುಸ್ತಕದಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಆ ಭಾರ ಹೇಗಿರುತ್ತೆ ಅಂತ ನನ್ನ ಕೈಗೆ ಗೊತ್ತಿದೆ. ದೂರು ಬರೀರಿ, ಕೆಲಸದಿಂದ ತೆಗೀರಿ. ಆದರೆ ಮೊದಲು ಒಂದು ಸಲ, ಒಂದೇ ಸಲ, ಇವನ ಗಂಟಲಿಗೆ ಕಿವಿ ಕೊಡಿ."

ಡಾಕ್ಟರಮ್ಮ ಕೈಯಲ್ಲಿದ್ದ ಇಂಜೆಕ್ಷನ್ನನ್ನು ತಟ್ಟೆಯಲ್ಲಿ ಇಟ್ಟಳು. ಆಮೇಲೆ ಮಂಡಿಯೂರಿ, ಸ್ಟೆತಸ್ಕೋಪನ್ನು ಎದೆಗಿಡದೆ ಗಂಟಲಿಗಿಟ್ಟಳು. ಕೇಳಿದಳು. ಜಾಗ ಬದಲಿಸಿ ಮತ್ತೆ ಕೇಳಿದಳು. ಕಿವಿಯಿಂದ ಅದನ್ನು ತೆಗೆದಾಗ ಮುಖದ ಕೆಂಪು ಇಳಿದಿತ್ತು.

"ನಡೆಸಿ," ಎಂದು ಕೈಗಡಿಯಾರ ನೋಡಿದಳು. "ಮೂರು ನಿಮಿಷ."

"ಡಾಕ್ಟ್ರೇ, ಇದೇನು ಆಯಾ ಹೇಳಿದ ಹಾಗೆ..."

"ನಾನು ಹೇಳ್ತಿದ್ದೀನಿ ಸರ್. ನಡೆಸಿ."

ಸರದಿಯವರು ಕಾಲು ಮಡಚಿ ದಾರಿ ಬಿಟ್ಟರು. ಉದ್ದನೆಯ ಪಡಸಾಲೆಯಲ್ಲಿ ಹಿಡಿಯಮ್ಮ ಪಟ್ಟಿ ಸಡಿಲ ಬಿಟ್ಟು ನಡೆದಳು; ಔಷಧಿ ಕಿಂಡಿಯವರೆಗೆ, ಅಲ್ಲಿಂದ ಬಾಗಿಲವರೆಗೆ. ಮೊದಲ ನಿಮಿಷ ಚಾಂಪಿಯನ್ ಪ್ರದರ್ಶನದಲ್ಲಿ ನಡೆಯುವಂತೆಯೇ ಎದೆಯುಬ್ಬಿಸಿ ನಡೆಯಿತು. ಕಪ್ ಸಾಹೇಬರು ಸುತ್ತ ನೋಡಿ ತಲೆ ಕುಣಿಸಿದರು. ಎರಡನೆಯ ನಿಮಿಷದ ನಡುವೆ ಉಸಿರಿನ ಸೀಳು ಹರಿತವಾಯಿತು. ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದ ಅಜ್ಜಿಯೊಬ್ಬಳು ಮಾತು ನಿಲ್ಲಿಸಿದಳು. ಇನ್ನೊಂದು ಸುತ್ತಿಗೆ ಪಡಸಾಲೆಯ ತುಂಬ ಅದೊಂದೇ ಸದ್ದು. ಚಾಂಪಿಯನ್ ನಿಂತಿತು. ಮೊಣಕೈಗಳನ್ನು ಹೊರಕ್ಕೆ ಅಗಲಿಸಿ, ಕತ್ತು ಮುಂದಕ್ಕೆ ಚಾಚಿ, ಹೊಟ್ಟೆಯಿಂದ ಗಾಳಿ ಎಳೆಯತೊಡಗಿತು. ನಾಲಿಗೆಯ ಅಂಚು ಮಂಕಾಗುತ್ತಿತ್ತು.

"ಸಾಕು," ಎಂದಳು ಹಿಡಿಯಮ್ಮ.

"ಸಾಕು," ಎಂದಳು ಡಾಕ್ಟರಮ್ಮ ಅದೇ ಹೊತ್ತಿಗೆ. "ಎರಡು ನಿಮಿಷ ಹತ್ತು ಸೆಕೆಂಡು." ಓಡಿ ಬಂದು ಗಂಟಲಿಗೆ ಕಿವಿಗೊಟ್ಟಳು. ಎದ್ದು ನಿಂತು ಸಾಹೇಬರ ಕಡೆ ತಿರುಗಿದಳು. "ಇವತ್ತು ಮಂಪರು ಇಲ್ಲ ಸರ್. ಮಲಗಿಸಿದ್ರೆ ಇವನು ಏಳ್ತಿರಲಿಲ್ಲ. ಇವನಿಗೆ ಬೇಕಾಗಿರೋದು ಮೂಗು ಅಂಗುಳಿನ ಆಪರೇಷನ್. ಅದಕ್ಕೆ ಏರ್ಪಾಟು ಮಾಡಿಕೊಡ್ತೀನಿ. ಹೆಣ್ಣಿಗೆ ಕೂಡಿಸೋಕೆ ಕೇಳಿರೋ ಕಾಗದಕ್ಕೆ ಮಾತ್ರ ನಾನು ಸಹಿ ಹಾಕಲ್ಲ. ಈ ಗಂಟಲನ್ನ ಇನ್ನೂ ಮೂವತ್ತು ಮರಿಗೆ ಹಂಚೋದು ಬೇಡ."

ಕಪ್ ಸಾಹೇಬರ ಮುಖ ಬಿಗಿಯಿತು. "ಆಡಳಿತದವರಿಗೆ ಬರೀತೀನಿ. ನಿಮ್ಮ ಮೇಲೆ ಬರೀತೀನಿ, ಈಯಮ್ಮನ ಮೇಲಂತೂ ಬರೆದೇ ಬರೀತೀನಿ. ಕೊಡಿ ಇಲ್ಲಿ ನಾಯಿ. ಪಕ್ಕದೂರಲ್ಲಿ ಹಿಡಿಯೋರು ಇದ್ದಾರೆ, ಎಕ್ಸ್‌ರೇ ತೆಗೆಯೋರೂ ಇದ್ದಾರೆ." ಪಟ್ಟಿಗೆ ಕೈ ಚಾಚಿದರು.

ಹಿಡಿಯಮ್ಮ ಪಟ್ಟಿಯನ್ನು ಮುಂಗೈಗೆ ಒಂದು ಸುತ್ತು ಸುತ್ತಿಕೊಂಡಳು. ಚಾಂಪಿಯನ್ನನ್ನು ನೋಡಿದಳು. ಅದು ನಡೆಯುವ ಸ್ಥಿತಿಯಲ್ಲಿರಲಿಲ್ಲ. ಬಾಗಿ ಎರಡೂ ತೋಳಿನಲ್ಲಿ ಎತ್ತಿಕೊಂಡಳು, ಗದ್ದ ತನ್ನ ಹೆಗಲ ಮೇಲೆ ಬರುವಂತೆ. ಅದರ ಜೊಲ್ಲು ಅವಳ ಬೆನ್ನಿಗಿಳಿಯಿತು.

"ಬರೀರಿ ಸರ್, ಕುರ್ಚಿ ಅಲ್ಲಿದೆ, ಪೆನ್ನು ಕಿಂಡಿಯಲ್ಲಿ ಕೊಡ್ತಾರೆ," ಎನ್ನುತ್ತ ಅವಳು ನೀರಿನ ಕೋಣೆಯ ಕಡೆ ತಿರುಗಿದಳು. "ನಿಮ್ಮ ನಾಯಿ ನಿಮ್ಮದೇ, ನಾನೇನು ಇಟ್ಕೊಳ್ಳಲ್ಲ. ಇವನ ನಾಲಿಗೆ ಕೆಂಪಾಗೋವರೆಗೆ ಆ ಬಾಗಿಲು ತೆಗೆಯಲ್ಲ, ಅಷ್ಟೇ. ಈ ಬಿಸಿಲಲ್ಲಿ ಈ ಉಸಿರಿಟ್ಕೊಂಡು ಕಾರು ಹತ್ತಿಸೋಕೆ ನಾನು ಬಿಡಲ್ಲ. ಬೇಕಿದ್ರೆ ಅದನ್ನೂ ಬರೀರಿ, ಹಾಳೆ ಸಾಲದಿದ್ರೆ ಇನ್ನೊಂದು ಕೇಳಿ." ಅವಳು ನಿಲ್ಲಲಿಲ್ಲ, ಚಪ್ಪಲಿಯ ಸದ್ದಿನ ಮೇಲೆ ದನಿ ಏರಿಸಿಕೊಂಡು ನಡೆದೇ ಇದ್ದಳು. "ಮತ್ತೆ ಪಕ್ಕದೂರಿಗೆ ಹೋದ್ರೆ ಅಲ್ಲಿ ಹಿಡಿಯೋರಿಗೆ ಮೊದಲು ಹೇಳಿ, ಇವನು ಎರಡು ನಿಮಿಷ ಹತ್ತು ಸೆಕೆಂಡು ನಡೆದ ಅಂತ. ನೀವು ಹೇಳದೇ ಇದ್ರೆ ನಾನೇ ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಆ ಬಾಗಿಲಲ್ಲಿ ನಿಂತು ಹೇಳ್ತೀನಿ."